ಹೊಲಕ್ಕೆ ಖಾಲಿ ಪಾತ್ರೆ

ಗೊಬ್ಬರದ ಮಾತೆತ್ತಿದರೆ ಸಾಕು, ಪಟ್ಟಣದ ನಮ್ಮ ಹೆಣ್ಣುಮಕ್ಕಳು ಮೂಗಿಗೆ ಸೆರಗು ಹಿಡಿಯುತ್ತಾರೆ. ಅದು ರೈತರ ವಿಷಯ, ಕೃಷಿ ಇಲಾಖೆಯ ವಿಷಯ, ಹೆಚ್ಚೆಂದರೆ ಮುಂಗಾರಿನಲ್ಲಿ ಡಿಎಪಿ ಸಿಗದೆ ಸೊಸೈಟಿಯ ಮುಂದೆ ಸಾಲುಗಟ್ಟಿ ನಿಂತವರ ವಿಷಯ. ನಮಗೇನು? ಅಕ್ಕಿ ಅಂಗಡಿಯಿಂದ ಬರುತ್ತದೆ, ಸೊಪ್ಪು ತಳ್ಳುಗಾಡಿಯಲ್ಲಿ ಬರುತ್ತದೆ, ಉಂಡು ಮಿಕ್ಕದ್ದು ಕಸದ ಬುಟ್ಟಿಗೆ ಹೋಗುತ್ತದೆ. ಈ ನೆಮ್ಮದಿ ಸರಿಯಲ್ಲವೆಂದು ಹೇಳಲಿಕ್ಕೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ರಂಜಕವೆಂದರೆ ಬೆಂಕಿಪೊಟ್ಟಣದ ಬದಿಯ ಕಂದು ಪಟ್ಟಿ ಎಂದಷ್ಟೇ ಬಹಳ ಮಂದಿಗೆ ನೆನಪು. ಆದರೆ ಬೆಳೆದ ಮನುಷ್ಯನೊಬ್ಬನ ಮೈಯಲ್ಲಿ ಸುಮಾರು 700 ಗ್ರಾಂ ರಂಜಕವಿದೆ. ಅದರಲ್ಲಿ ನೂರಕ್ಕೆ 85 ಪಾಲು ಮೂಳೆ ಹಲ್ಲುಗಳಲ್ಲಿ. ರಂಜಕವಿಲ್ಲದೆ ಬೀಜ ಮೊಳೆಯದು, ಬೇರಿಳಿಯದು, ಕಾಳು ಕಟ್ಟದು. ಸಾರಜನಕವನ್ನಾದರೆ ಗಾಳಿಯಿಂದ ಹಿಡಿಯಬಹುದು. ಅದನ್ನು ಅಲಸಂದೆ, ಹುರುಳಿಯ ಬೇರಿನ ಗಂಟುಗಳೂ ಮಾಡುತ್ತವೆ, ಯೂರಿಯಾ ಕಾರ್ಖಾನೆಯೂ ಮಾಡುತ್ತದೆ. ರಂಜಕ ಗಾಳಿಯಲ್ಲಿಲ್ಲ. ಅದು ಬಂಡೆಯಿಂದ ಬರಬೇಕು, ಇಲ್ಲವೇ ಒಮ್ಮೆ ಬಂದದ್ದು ಮತ್ತೆ ಮಣ್ಣಿಗೆ ಮರಳಬೇಕು. ಮೂರನೆಯ ದಾರಿಯಿಲ್ಲ.

ಆ ಬಂಡೆ ಎಲ್ಲಿದೆ? ಜಗತ್ತಿನಲ್ಲಿ ಗೊತ್ತಿರುವ ರಂಜಕ ಶಿಲೆಯ ಸುಮಾರು ಮೂರರಲ್ಲಿ ಎರಡು ಪಾಲು ಮೊರಾಕ್ಕೊ ದೇಶ ಮತ್ತು ಅದರ ಹಿಡಿತದಲ್ಲಿರುವ ಪಶ್ಚಿಮ ಸಹಾರಾದಲ್ಲಿದೆ. ನಮ್ಮಲ್ಲಿ ಉದಯಪುರದ ಬಳಿ ಝಾಮರಕೋಟ್ರಾ ಗಣಿಯಿದೆ, ಅಲ್ಲಲ್ಲಿ ಇನ್ನಷ್ಟಿದೆ; ಅವು ದೇಶದ ಹಸಿವಿಗೆ ಸಾಲವು. ಹಾಗಾಗಿ ನಾವು ಶಿಲೆಯನ್ನೋ ಆಮ್ಲವನ್ನೋ ತಯಾರಾದ ಡಿಎಪಿಯನ್ನೋ ಹಡಗಿನಲ್ಲಿ ತರಿಸುತ್ತೇವೆ. ದೂರದಲ್ಲಿ ಎಲ್ಲಿಯೋ ಬೆಲೆ ಏರಿದರೆ ನಮ್ಮ ರೈತನಿಗೆ ಚಳಿ ಬರುತ್ತದೆ. 2008ರಲ್ಲಿ ಈ ಶಿಲೆಯ ಬೆಲೆ ಒಂದೇ ವರ್ಷದಲ್ಲಿ ಹಲವು ಪಟ್ಟು ಹಾರಿತು. 2021ರಲ್ಲಿ ಒಂದು ಚೀಲ ಡಿಎಪಿಯ ಅಸಲು ಬೆಲೆ 2,400 ರೂಪಾಯಿ ಮುಟ್ಟಿದಾಗ ಕೇಂದ್ರ ಸರ್ಕಾರ ಚೀಲದ ಸಬ್ಸಿಡಿಯನ್ನು 500ರಿಂದ 1,200 ರೂಪಾಯಿಗೆ ಏರಿಸಬೇಕಾಯಿತು. ಅದು ಯಾರ ದುಡ್ಡು? ನಾವು ಸೂಜಿ ಕೊಂಡರೂ ಕೊಡುವ ತೆರಿಗೆಯ ದುಡ್ಡು.

ಇಷ್ಟು ಕಷ್ಟಪಟ್ಟು ತಂದದ್ದನ್ನು ಏನು ಮಾಡುತ್ತೇವೆ? ಹೊಲಕ್ಕೆ ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲು ಭಾಗಕ್ಕೂ ಕಡಿಮೆ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು, ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬೆಳೆಗೆ ದಕ್ಕಿದ್ದರಲ್ಲಿ ಬಹುಪಾಲು ಕಾಳಿಗೆ ಸೇರಿ, ಮೂಟೆಯೊಳಗೆ ಕೂತು ಪಟ್ಟಣಕ್ಕೆ ಬರುತ್ತದೆ. ನಾವು ಉಣ್ಣುತ್ತೇವೆ. ಬೆಳೆದವರ ಮೈ ತಿಂದಷ್ಟು ರಂಜಕವನ್ನು ಹೆಚ್ಚುಕಡಿಮೆ ಅಷ್ಟೇ ಹೊರಗೆ ಕಳಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಮೂತ್ರದಲ್ಲಿ, ಉಳಿದದ್ದು ಮಲದಲ್ಲಿ. ಹೇಸಿಕೊಳ್ಳಬೇಡಿ. 1669ರಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ಜರ್ಮನ್ ರಸವಾದಿ ಚಿನ್ನ ಮಾಡಲು ಹೊರಟು, ಮೂತ್ರವನ್ನು ಕಾಯಿಸಿ ಕಾಯಿಸಿಯೇ ರಂಜಕವನ್ನು ಕಂಡುಹಿಡಿದದ್ದು.

ಒಂದು ಲೆಕ್ಕ ಹಾಕೋಣ. ತಲೆಗೆ ದಿನಕ್ಕೆ ಒಂದೇ ಗ್ರಾಂ ಎಂದು ಹಿಡಿಯಿರಿ. ಒಂದು ಲಕ್ಷ ಜನರಿರುವ ಪಟ್ಟಣದಿಂದ ವರ್ಷಕ್ಕೆ 36,500 ಕಿಲೋ. ಐವತ್ತು ಕಿಲೋ ಡಿಎಪಿ ಚೀಲದಲ್ಲಿ ಅಸಲು ರಂಜಕ ಸುಮಾರು ಹತ್ತು ಕಿಲೋ. ಅಂದರೆ ಮೂರೂವರೆ ಸಾವಿರಕ್ಕೂ ಮೇಲೆ ಚೀಲಗಳ ರಂಜಕವನ್ನು ಒಂದು ಸಾಧಾರಣ ಪಟ್ಟಣ ವರ್ಷ ವರ್ಷವೂ ಚರಂಡಿಗೆ ಸುರಿಯುತ್ತಿದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ ಅಲ್ಲವೆ?

ಚರಂಡಿಗೆ ಹೋದದ್ದು ಸುಮ್ಮನಿರುವುದೂ ಇಲ್ಲ. ಹೊಲದಲ್ಲಿ ಬೆಳೆಗೆ ಅನ್ನವಾಗಬೇಕಾದದ್ದು ಕೆರೆಯಲ್ಲಿ ಕಳೆಗೆ ಅನ್ನವಾಗುತ್ತದೆ. ಪಾಚಿ, ಜೊಂಡು ಉಕ್ಕುತ್ತವೆ, ನೀರಿನ ಉಸಿರು ಕಟ್ಟುತ್ತದೆ, ಮೀನು ಸಾಯುತ್ತವೆ. ಇದಕ್ಕೆ ಬಟ್ಟೆ ಸೋಪಿನ ಪುಡಿಯಲ್ಲಿರುವ ಫಾಸ್ಫೇಟೂ ಸೇರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಯ ಮೇಲೆ ನೊರೆ ಚೆಲ್ಲಿ, ಬೆಂಕಿಯೂ ಹತ್ತಿ ಲೋಕಕ್ಕೆಲ್ಲ ಸುದ್ದಿಯಾಯಿತು. 2017ರಲ್ಲಿ ಮತ್ತೆ ಹೊತ್ತಿ ಉರಿಯಿತು. ಅದು ಕೆರೆಯ ತಪ್ಪಲ್ಲ, ಅಷ್ಟು ಮನೆಗಳ ಬಚ್ಚಲುಗಳು ಸೇರಿ ಮಾಡಿದ್ದು. ಸ್ವಿಟ್ಜರ್ಲೆಂಡಿನವರು ತಮ್ಮ ಸರೋವರಗಳು ಕೆಟ್ಟದ್ದನ್ನು ಕಂಡು 1986ರಲ್ಲೇ ಬಟ್ಟೆ ಸೋಪಿಗೆ ಫಾಸ್ಫೇಟ್ ಬೆರೆಸುವುದನ್ನು ನಿಷೇಧಿಸಿದರು. ಅಲ್ಲಿಯ ಬಟ್ಟೆಗಳೇನು ಕೊಳಕಾಗಿಲ್ಲ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ದರ ನೋಡುವ ನಾವು ಅದರಲ್ಲೇನಿದೆ ಎಂದು ಏಕೆ ಕೇಳಬಾರದು?

ಈಗ ಎದುರು ಮಾತುಗಳಿಗೆ ಬರುತ್ತೇನೆ. ‘ಸರ್ಕಾರಿ ಗೊಬ್ಬರವೇ ವಿಷ, ಹಸುವಿನ ಸಗಣಿಯೊಂದಿದ್ದರೆ ಸಾಕು’ ಎನ್ನುವವರಿದ್ದಾರೆ. ಸಗಣಿಯ ಬಗ್ಗೆ ನನಗೂ ಗೌರವವಿದೆ. ಅದು ಮಣ್ಣನ್ನು ಸಡಿಲಗೊಳಿಸುತ್ತದೆ, ಹುಳು ಉಪ್ಪಟೆಗಳನ್ನು ಬದುಕಿಸುತ್ತದೆ, ಬಂಧಿಯಾದ ರಂಜಕವನ್ನು ಬಿಡಿಸಲು ನೆರವಾಗುತ್ತದೆ. ಆದರೆ ಹಸು ರಂಜಕವನ್ನು ಹುಟ್ಟಿಸುವುದಿಲ್ಲ. ತಿಂದ ಹುಲ್ಲಿನಲ್ಲಿದ್ದದ್ದನ್ನೇ ಕೊಡುತ್ತದೆ. ಮೂಟೆ ಕಟ್ಟಿ ಪಟ್ಟಣಕ್ಕೆ ಬಂದ ಕಾಳಿನ ರಂಜಕವನ್ನು ಅದು ಎಲ್ಲಿಂದ ತಂದೀತು? ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳ ಮಾತೂ ಇಷ್ಟೆ: ಪೆಟ್ಟಿಗೆಯ ಬೀಗ ತೆಗೆಯಬಲ್ಲವು, ಪೆಟ್ಟಿಗೆ ತುಂಬಲಾರವು. ತುಂಬಬೇಕಾದವರು ಖಾಲಿ ಮಾಡಿದ ನಾವು.

‘ಹಿಂದಿನ ಕಾಲದಲ್ಲಿ ಎಲ್ಲವೂ ಹೊಲಕ್ಕೇ ಹೋಗುತ್ತಿತ್ತು, ಎಷ್ಟು ಚೆನ್ನಾಗಿತ್ತು’ ಎನ್ನುವವರಿಗೆ ಕಟುವಾಗಿಯೇ ಉತ್ತರಿಸಬೇಕು. ಅದು ಯಾರ ತಲೆಯ ಮೇಲೆ ಹೋಗುತ್ತಿತ್ತು? ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿ ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದವು. ಇಷ್ಟಾದರೂ 2010ರಲ್ಲಿ ಸವಣೂರಿನಲ್ಲಿ ಆ ಕೆಲಸದವರು ಮೈಗೆ ಮಲ ಬಳಿದುಕೊಂಡು ಪ್ರತಿಭಟಿಸಬೇಕಾಯಿತು. ಹೊಲಕ್ಕೆ ರಂಜಕ ಮರಳಬೇಕು, ನಿಜ. ಆದರೆ ಒಬ್ಬ ಮನುಷ್ಯನೂ ಗುಂಡಿಗಿಳಿಯದೆ ಮರಳಬೇಕು. ಈ ಷರತ್ತನ್ನು ಒಪ್ಪದ ಯಾವ ಪರಿಸರವಾದವೂ ನನಗೆ ಬೇಡ.

ಅದು ಸಾಧ್ಯವೆ? ಬೆಂಗಳೂರು ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿ ಪಟ್ಟಣದಲ್ಲಿ 2015ರಲ್ಲಿ ಶೌಚಗುಂಡಿಯ ಹೂಳಿಗೆಂದೇ ಒಂದು ಸಂಸ್ಕರಣಾ ಘಟಕ ಶುರುವಾಯಿತು. ಯಂತ್ರದ ಲಾರಿ ಗುಂಡಿಯಿಂದ ಹೂಳನ್ನು ಹೀರಿ ತಂದು ಸುರಿಯುತ್ತದೆ. ಅದನ್ನು ಕೊಳೆಸಿ, ಒಣಗಿಸಿ, ಊರಿನ ಹಸಿಕಸದೊಡನೆ ಸೇರಿಸಿ ಗೊಬ್ಬರ ಮಾಡಿ ರೈತರಿಗೆ ಕೊಡುವ ವ್ಯವಸ್ಥೆ ಅದು. ರೋಗಾಣುಗಳ ಭಯ ಸುಳ್ಳಲ್ಲ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಇಂಥ ಗೊಬ್ಬರವನ್ನು ಎಷ್ಟು ದಿನ ಇಡಬೇಕು, ಹೇಗೆ ಬಳಸಬೇಕು ಎಂದು ನಿಯಮಗಳನ್ನು ಬರೆಯಿತು. ಕಾರ್ಖಾನೆಯ ಚರಂಡಿಯನ್ನು ಮನೆಯ ಚರಂಡಿಗೆ ಸೇರಿಸಬಾರದು. ಸೇರಿಸಿದರೆ ಸೀಸ, ಕ್ಯಾಡ್ಮಿಯಂ ಸೇರಿ ಗೊಬ್ಬರವೇ ಕೆಡುತ್ತದೆ. ಇದನ್ನು ತಡೆಯುವುದು ಪುರಸಭೆಯ ಕೆಲಸ. ಪುರಸಭೆಯನ್ನು ಕೇಳುವುದು ನಮ್ಮ ಕೆಲಸ. ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಡ ಹಿಡಿದು ಹೋಗಿ ಕೂಗುವ ನಾವು, ಊರಿನ ಹೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೇವೆಯೆ?

ಇನ್ನು ಅಡಿಗೆಮನೆ. ಹಸಿಕಸ ಬೇರೆ, ಒಣಕಸ ಬೇರೆ ಎಂಬ ನಿಯಮ 2016ರಲ್ಲೇ ಬಂತು. ಸಿಪ್ಪೆಯೊಳಗೆ ಬ್ಲೇಡು, ಪ್ಲಾಸ್ಟಿಕ್ಕು ಹಾಕಿ ಕಟ್ಟಿಕೊಟ್ಟರೆ ಅದು ಗೊಬ್ಬರವಾಗದು, ಯಾವುದಾದರೂ ಹಳ್ಳಿಯ ಶಾಪವಾಗುತ್ತದೆ. ಬೆಂಗಳೂರಿನ ಕಸ ಹೊತ್ತು ಬೇಸತ್ತ ಮಾವಳ್ಳಿಪುರ, ಮಂಡೂರಿನ ಜನರನ್ನು ಕೇಳಿ. ಊರಲ್ಲಿ ಜಮೀನಿಟ್ಟುಕೊಂಡು ಗುತ್ತಿಗೆಗೆ ಕೊಟ್ಟಿರುವ ಅಕ್ಕತಂಗಿಯರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸುಗ್ಗಿಯಲ್ಲಿ ಅಕ್ಕಿ, ಬೇಳೆ ಎಷ್ಟು ಬರುತ್ತದೆಂದು ಕೇಳುವ ಅವರು, ಮಣ್ಣು ಪರೀಕ್ಷೆ ಆಯಿತೆ ಎಂದೂ ಕೇಳಲಿ. ಮಣ್ಣಿನಲ್ಲಿ ಸಾಕಷ್ಟು ರಂಜಕವಿದ್ದಾಗಲೂ ಚೀಲ ಸುರಿಯುವುದು ದುಡ್ಡನ್ನು ಹೂತಂತೆ.

ಪಕ್ಕದ ಮನೆಯಿಂದ ಪಾಯಸ ಬಂದರೆ ಆ ಪಾತ್ರೆಯನ್ನು ನಾವು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಹೊಲ ನಮಗೆ ದಿನವೂ ತುಂಬಿ ಕಳಿಸುತ್ತಿದೆ. ಅದರ ಪಾತ್ರೆಯನ್ನು ಮಾತ್ರ ನಾವು ಖಾಲಿ ಕಳಿಸುತ್ತಿಲ್ಲ, ಕಳಿಸುತ್ತಲೇ ಇಲ್ಲ.