ಸತ್ತ ಹಕ್ಕಿಯ ಚಿತ್ರ

ನಮ್ಮ ಮುದ್ದೇಬಿಹಾಳದ ಸೀಮೆ ಬರಗಾಲಕ್ಕೆ ಹೆಸರಾದುದು. ಆದರೆ 1982ರಲ್ಲಿ ನಾರಾಯಣಪುರದ ಆಣೆಕಟ್ಟು ಮುಗಿದು ಬಸವಸಾಗರ ತುಂಬಿದ ಮೇಲೆ, ಅತ್ತ ಆಲಮಟ್ಟಿಯ ಹಿನ್ನೀರೂ ಹರಡಿದ ಮೇಲೆ, ಕೃಷ್ಣೆಯ ದಂಡೆಗೆ ಹೊಸ ಅತಿಥಿಗಳು ಬರತೊಡಗಿದರು. ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಅವುಗಳ ಹಿಂದೆಯೇ ದುರ್ಬೀನು ಹಿಡಿದ ಪಕ್ಷಿವೀಕ್ಷಕರೂ ಬಂದರು. ನಮ್ಮ ಕಾಲೇಜಿನಲ್ಲಿಯೂ ಅಂಥ ಹವ್ಯಾಸದವರು ಕೆಲವರಿದ್ದೇವೆ. ಈ ಹವ್ಯಾಸಿಗಳಲ್ಲಿ ಎರಡು ಪಕ್ಷಗಳನ್ನು ಹುಟ್ಟಿಸಿರುವ ಪ್ರಶ್ನೆಯೊಂದಿದೆ: ಬೇಟೆಗೆ ಬಲಿಯಾದ ಹಕ್ಕಿಯ ಚಿತ್ರವನ್ನು ನಾಲ್ಕು ಜನರಿಗೆ ಹಂಚಬೇಕೆ, ಹಂಚಬಾರದೆ?

ಕಳೆದ ಚಳಿಗಾಲದಲ್ಲಿ ಇಂಥದೊಂದು ಚಿತ್ರ ನಮ್ಮ ಮೊಬೈಲುಗಳಿಗೂ ಬಂದಿತು. ಒಬ್ಬನು ಎರಡು ಹೆಬ್ಬಾತುಗಳ ಕಾಲು ಹಿಡಿದು ತೂಗಹಾಕಿಕೊಂಡು ನಗುತ್ತ ನಿಂತಿದ್ದ. ಎಲ್ಲಿಯದು, ಯಾವ ವರ್ಷದ್ದು, ತೆಗೆದವರು ಯಾರು ಎಂಬುದೊಂದೂ ಗೊತ್ತಿರಲಿಲ್ಲ. ಆದರೂ ಸಂಜೆಯೊಳಗಾಗಿ ಅದು ಎಷ್ಟೋ ಕೈಗಳನ್ನು ದಾಟಿತ್ತು. ಮರುದಿನ ನಮ್ಮಲ್ಲಿ ವಾದವೋ ವಾದ.

ಮುಚ್ಚಿಡಬೇಕೆನ್ನುವವರ ಮಾತು ತೀರ ಹುರುಳಿಲ್ಲದ್ದಲ್ಲ. ಕೊಲೆಯ ಚಿತ್ರವನ್ನು ಮೇಲಿಂದ ಮೇಲೆ ನೋಡಿದವನಿಗೆ ಮೊದಲ ದಿನದ ನೋವು ಹತ್ತನೆಯ ದಿನ ಉಳಿಯುವುದಿಲ್ಲ. ಚಿತ್ರದ ಹಿಂದಿನ ಗುಡ್ಡವನ್ನೋ ಗುಡಿಯನ್ನೋ ಗುರುತಿಸಿ, ಹಕ್ಕಿ ಇಳಿಯುವ ಜಾಗವನ್ನು ಮತ್ತೊಬ್ಬ ಬೇಟೆಗಾರನು ಕಂಡುಕೊಳ್ಳಬಹುದು. ಅಲ್ಲದೆ ಬೇಟೆಗಾರನೇ ಹೆಮ್ಮೆಯಿಂದ ತೆಗೆಸಿಕೊಂಡ ಚಿತ್ರವನ್ನು ನಾವು ಸಿಟ್ಟಿನಿಂದ ಹಂಚಿದರೂ ಅವನು ಬಯಸಿದ ಪ್ರಸಿದ್ಧಿಯೇ ಅವನಿಗೆ ದೊರೆಯುತ್ತದೆ.

ತೋರಿಸಬೇಕೆನ್ನುವವರೂ ಸುಮ್ಮನೆ ಕೂಗುವವರಲ್ಲ. ಬರಿ ಬಣ್ಣದ ರೆಕ್ಕೆಗಳನ್ನೇ ತೋರಿಸುತ್ತ ಹೋದರೆ ಎಲ್ಲವೂ ಸುಖವಾಗಿದೆಯೆಂದು ಜನ ತಿಳಿಯುವರು. ಕಣ್ಣಿಗೆ ಬೀಳದ ಪಾಪಕ್ಕೆ ಕೇಳುವವರಿಲ್ಲ. ಸಾಕ್ಷಿಯಿಲ್ಲದ ಕಡೆ ಕಾಯಿದೆಯೂ ಕೈಕಟ್ಟಿ ಕೂಡುತ್ತದೆ. ಹೀಗೆ ಅವರ ವಾದ.

ಈ ವಾದವನ್ನು ತೂಗಿನೋಡಲು ಎರಡು ದೃಷ್ಟಾಂತಗಳು ನನಗೆ ಸಹಾಯವಾಗಿವೆ. ಮೊದಲನೆಯದು ರಾಜಸ್ಥಾನದ ಭರತಪುರದ್ದು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಪರಿವಾರ ಅಲ್ಲಿ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಇಂಥ ಬೇಟೆಗಳ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಯಿಸಲಾಯಿತು. ಕೊರೆಯಿಸಿದವರಿಗೆ ಅದು ಬಿರುದಾವಳಿಯಾಗಿತ್ತು. ಆದರೆ ಆ ಜಾಗವು 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಅಲ್ಲಿಗೆ ಹೋದವರು ಅದೇ ಅಂಕಿಗಳನ್ನು ದೋಷಾರೋಪಣೆಯ ಪತ್ರದಂತೆ ಓದುತ್ತಾರೆ. ಕಲ್ಲಿನ ಮೇಲಿನ ಅಕ್ಷರ ಬದಲಾಗಿಲ್ಲ, ಓದುವ ಕಣ್ಣು ಬದಲಾಗಿದೆ. ಆದುದರಿಂದ ಹತ್ಯೆಯ ದಾಖಲೆಯನ್ನು ಅಳಿಸಿಹಾಕುವುದು ಸರಿಯಲ್ಲ.

ಎರಡನೆಯದು ನಾಗಾಲ್ಯಾಂಡಿನದು. 2012ರ ಅಕ್ಟೋಬರದಲ್ಲಿ ದೊಯಾಂಗ್ ಜಲಾಶಯದ ದಂಡೆಯ ಪಾಂಗ್ಟಿ ಗ್ರಾಮದ ಬಳಿ, ಆಫ್ರಿಕಕ್ಕೆ ಹೊರಟ ಅಮೂರ್ ಚಾಣಗಳನ್ನು ಬಲೆಯೊಡ್ಡಿ ಹಿಡಿದು ಕೊಲ್ಲುವುದನ್ನು ನಾಲ್ವರು ಚಿತ್ರಸಹಿತವಾಗಿ ಬಯಲಿಗೆಳೆದರು. ಅವರಲ್ಲೊಬ್ಬರಾದ ರಾಮ್ಕಿ ಶ್ರೀನಿವಾಸನ್ ನಮ್ಮ ಬೆಂಗಳೂರಿನವರು. ದಿನವೊಂದಕ್ಕೆ 12ರಿಂದ 14 ಸಾವಿರ ಹಕ್ಕಿಗಳು ಸಾಯುತ್ತಿದ್ದವೆಂಬುದು ಅವರ ಅಂದಾಜು. ಜಗತ್ತೆಲ್ಲ ಬೆಚ್ಚಿಬಿದ್ದಿತು. ಮುಂದಿನ ವರ್ಷ, 2013ರಲ್ಲಿ, ಅಲ್ಲಿ ಬಲೆ ಬೀಳಲಿಲ್ಲ. ಆ ವರ್ಷವೇ ಉಪಗ್ರಹದ ಗುರುತುಪಟ್ಟಿ ಕಟ್ಟಿ ಹಾರಿಬಿಟ್ಟ ಮೂರು ಚಾಣಗಳಲ್ಲಿ ಒಂದಕ್ಕೆ ಪಾಂಗ್ಟಿಯ ಹೆಸರನ್ನೇ ಇಟ್ಟರು.

ತೋರಿಸಬೇಕೆನ್ನುವ ಗೆಳೆಯರು ಈ ಕತೆಯ ಅರ್ಧವನ್ನು ಮಾತ್ರ ಹೇಳುವರು. ಚಿತ್ರಗಳು ಹೊರಬಿದ್ದ ಮೇಲೆ ನಡೆದ ಕೆಲಸವೇ ದೊಡ್ಡದು. ಗ್ರಾಮದ ಹಿರಿಯರೊಡನೆ ಮಾತುಕತೆಯಾಯಿತು, ಇಗರ್ಜಿಗಳಲ್ಲಿ ತಿಳುವಳಿಕೆ ಹೇಳಿದರು, ಮಕ್ಕಳಿಗೆ ಪಾಠ ನಡೆಯಿತು. ಬಲೆಯೊಡ್ಡಿದವರಲ್ಲಿ ಆಣೆಕಟ್ಟಿನ ನೀರಿಗೆ ಹೊಲ ಕಳೆದುಕೊಂಡವರೂ ಇದ್ದರು. ಮುಳುಗಡೆಯ ನೋವನ್ನು ಕಂಡುಂಡ ನಮ್ಮ ಜಿಲ್ಲೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂದಮೇಲೆ ಚಿತ್ರವು ಬಾಗಿಲು ತೆರೆಯಿತು, ನಿಜ. ಒಳಗೆ ಹೋಗಿ ಜನರೊಡನೆ ಕುಳಿತವರು ಮನುಷ್ಯರು.

ನಮ್ಮಲ್ಲಿ ಆದದ್ದೇನು? ಚಿತ್ರ ಹಂಚಿ, ನಾಲ್ಕು ಬೈಗುಳ ಬರೆದು, ಕರ್ತವ್ಯ ಮುಗಿಯಿತೆಂದು ಮಲಗಿದೆವು. ಕೊಂದ ಪಾಪ ತಿಂದು ಪರಿಹಾರವೆಂದು ಗಾದೆಯಿದೆ. ನಮ್ಮ ಕಾಲದಲ್ಲಿ ಕೊಂದ ಪಾಪ ಹಂಚಿ ಪರಿಹಾರವೆನ್ನಬೇಕಾಗಿದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಚಿತ್ರದಲ್ಲಿದ್ದವನು ಯಾರೆಂದು ತಿಳಿಯದಿದ್ದರೂ, "ಇದು ಹರಣಶಿಕಾರಿಗಳ ಕೆಲಸ" ಎಂದು ಒಬ್ಬರು ಬರೆದರು, ಹತ್ತು ಜನ ಹೌದೆಂದರು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮುಂದೆ ಮುಂಬಯಿ ಪ್ರಾಂತಕ್ಕೂ ಹಬ್ಬಿದಾಗ, ಈ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದು ವಿಜಾಪುರದ ಸೆಟ್ಲಮೆಂಟಿನಲ್ಲಿ ಇಟ್ಟಿದ್ದರು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಸರಕಾರ ಅಳಿಸಿದ ಹಣೆಪಟ್ಟಿಯನ್ನು ನಾವು ಹಕ್ಕಿಯ ಮೇಲಿನ ಪ್ರೀತಿಯ ಹೆಸರಿನಲ್ಲಿ ಮತ್ತೆ ಅಂಟಿಸಬಹುದೇ? ಶೋಕಿಗಾಗಿ ಕೋವಿ ಹಿಡಿದು ಬರುವವನೂ ಬೇಟೆಗಾರನೇ. ಆದರೆ ಬೆರಳು ಮೊದಲು ಹೋಗುವುದು ಬಡವನ ಗುಡಿಸಲಿನತ್ತ.

ಹೀಗಿರಲು ನನ್ನ ಅಭಿಪ್ರಾಯವಿಷ್ಟು. ಚಿತ್ರವನ್ನು ಮುಚ್ಚಿಡಬಾರದು, ಚೆಲ್ಲಲೂಬಾರದು, ಮುಟ್ಟಿಸಬೇಕಾದವರಿಗೆ ಮುಟ್ಟಿಸಬೇಕು. ಮೊದಲು ಸ್ಥಳ, ದಿನ, ವೇಳೆಗಳೊಡನೆ ಅದು ಅರಣ್ಯ ಇಲಾಖೆಗೆ ಹೋಗಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಬಲೆಯೊಡ್ಡುವುದು, ಉರುಲು ಹಾಕುವುದು, ಗೂಡು ಕೆಡಿಸುವುದು ಸಹ ಬೇಟೆಯೇ. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಅಪರಾಧಗಳ ದಂಡದ ಮಿತಿಯನ್ನು 25 ಸಾವಿರದಿಂದ ಒಂದು ಲಕ್ಷ ರೂಪಾಯಿಗೆ ಏರಿಸಿದ್ದಾರೆ. ಬೇಟೆಗಾರನ ಹೆಮ್ಮೆಯ ಚಿತ್ರವೂ ಅಲ್ಲಿ ಸಾಕ್ಷಿಯಾದೀತು. ನಮ್ಮ ನಡುವೆ ಸುತ್ತಿದರೆ ಅದು ಜಾಹೀರಾತು ಮಾತ್ರ. ಎರಡನೆಯದಾಗಿ, ಸಾರ್ವಜನಿಕರಿಗೆ ತೋರಿಸಲೇಬೇಕಾದಾಗ ಹಕ್ಕಿಯ ನೆಲೆಯನ್ನೂ ಮನುಷ್ಯನ ಮುಖವನ್ನೂ ಮರೆಮಾಡಬೇಕು. ಅಪರಾಧವನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಗುಂಪಿನದಲ್ಲ. ಮೂರನೆಯದಾಗಿ, ಊರು ದಿನಗಳ ಗುರುತಿಲ್ಲದ ಚಿತ್ರ ನಮ್ಮ ಕೈಗೆ ಬಂದರೆ ಅಲ್ಲಿಗೇ ನಿಲ್ಲಲಿ.

"ಕಚೇರಿಗೆ ಕೊಟ್ಟರೆ ಕಾಗದ ಅಲ್ಲಿಯೇ ಕೊಳೆಯುತ್ತದೆ" ಎಂದು ಕೆಲವರು ನಗಬಹುದು. ಕೊಳೆಯಬಹುದು, ಆಗ ಎರಡನೆಯ ಸಲ ಹೋಗೋಣ, ಮೂರನೆಯ ಸಲ ನಮ್ಮ ಅಧ್ಯಾಪಕರನ್ನು ಕರೆದುಕೊಂಡು ಹೋಗೋಣ. ಮೊಬೈಲಿನಲ್ಲಿ ಬೆರಳೊತ್ತುವುದಕ್ಕಿಂತ ಇದು ಕಷ್ಟ. ಇನ್ನೂ ಕಷ್ಟವಾದುದು ದಂಡೆಯ ರೈತರೊಡನೆ ಮಾತನಾಡುವುದು. ಹೆಬ್ಬಾತು ಅವರ ಕಡಲೆಗೂ ಶೇಂಗಾಕ್ಕೂ ಬಾಯಿ ಹಾಕುತ್ತದೆ. ಅವರ ನಷ್ಟವನ್ನು ಕೇಳದೆ ದಯೆಯನ್ನು ಬೋಧಿಸುವ ಅಧಿಕಾರ ನಮಗಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಇದೇ ಹೆಬ್ಬಾತುಗಳ ದೊಡ್ಡ ಬಿಡಾರ. ಅದು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯೂ ಹಕ್ಕಿಗಳು ಮೇಯುವುದು ಸುತ್ತಲಿನ ರೈತರ ಹೊಲಗಳಲ್ಲಿಯೇ.

ಸಹಪಾಠಿಗಳೇ, ಬರುವ ಚಳಿಗಾಲದಲ್ಲಿ ತಂಗಡಗಿಯ ಕಡೆಗೆ ದುರ್ಬೀನು ಹಿಡಿದು ಹೊರಡುವಾಗ ಒಂದು ನೋಟುಬುಕ್ಕನ್ನೂ ಜೊತೆಗೆ ಒಯ್ಯೋಣ. ಸತ್ತ ಹಕ್ಕಿ ಸಿಕ್ಕರೆ ಚಿತ್ರ ತೆಗೆಯುವುದು ಎಷ್ಟು ಮುಖ್ಯವೋ ದಿನ, ಸ್ಥಳಗಳನ್ನು ಬರೆದುಕೊಂಡು ಹೊಣೆಯುಳ್ಳವರ ಕೈಗೆ ಒಪ್ಪಿಸುವುದೂ ಅಷ್ಟೇ ಮುಖ್ಯ. ಹಕ್ಕಿಗೆ ಮತದಾನದ ಹಕ್ಕಿಲ್ಲ, ಅರ್ಜಿ ಬರೆಯಲು ಬಾರದು. ಅದರ ಅರ್ಜಿಯನ್ನು ಬರೆಯುವಷ್ಟು ಅಕ್ಷರಜ್ಞಾನವನ್ನು ಈ ಕಾಲೇಜು ನಮಗೆ ಕೊಟ್ಟಿದೆ.