ಗಣಿಯ ದಾಖಲೆಗೆ ಎರಡನೇ ಮನೆ ಬೇಕು

ಕೋಲಾರದ ಚಿನ್ನದ ಗಣಿಗಳು ಬಾಗಿಲು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಜಾನ್ ಟೇಲರ್ ಕಂಪನಿ, ಆಮೇಲೆ ಸರ್ಕಾರ ನಡೆಸಿದ ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಗಣಿ ಪ್ರದೇಶದ ಊರಿಗಾಂ, ಮಾರಿಕುಪ್ಪಂ ಜನರ ಕಾಲ ಕೆಳಗೆ ಸುರಂಗ ಎಲ್ಲೆಲ್ಲಿ ಹಾದಿದೆ ಎಂಬುದಕ್ಕೆ ಸರ್ವೆ ನಕ್ಷೆಗಳೇ ಆಧಾರ. ಕಾರ್ಮಿಕರ ದುಡಿಮೆಗೆ ಸೇವಾ ಪುಸ್ತಕವೇ ಸಾಕ್ಷಿ.

ಇಂಥ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಸಾಲದು. ಸರ್ವರ್ ಇರುವ ಕೋಣೆಯ ಬೀರುವಿನಲ್ಲೇ ಬ್ಯಾಕಪ್ ಟೇಪ್ ಇಟ್ಟರೆ ಒಂದು ಬೆಂಕಿ ಎರಡನ್ನೂ ಸುಡುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಡೆ: ಇದು ಕಂಪ್ಯೂಟರ್ ಲೋಕ ಒಪ್ಪಿದ ಲೆಕ್ಕ. ದಿನದ ಟೇಪ್ ಇಲ್ಲೇ ಇರಲಿ. ವಾರದ್ದು ಬಂಗಾರಪೇಟೆಗೆ, ತಿಂಗಳಿನದು ಬೆಂಗಳೂರಿಗೆ ಹೋಗಲಿ. ಹೊಸದು ತಲುಪಿದ ಮೇಲಷ್ಟೇ ಹಳೆಯದು ಮರಳಲಿ; ಎಲ್ಲ ಟೇಪ್‌ಗಳೂ ಒಂದೇ ಜೀಪಿನಲ್ಲಿರುವ ಗಳಿಗೆ ಬರಕೂಡದು. ಪ್ರತಿ ಟೇಪಿಗೂ ಸಂಖ್ಯೆ, ರಿಜಿಸ್ಟರಿನಲ್ಲಿ ಕೊಟ್ಟವರ ಮತ್ತು ಪಡೆದವರ ಸಹಿ ಕಡ್ಡಾಯವಾಗಲಿ. ತಂಪಾದ, ತೇವವಿಲ್ಲದ ಕೋಣೆಯಲ್ಲಿ ಟೇಪ್ 30 ವರ್ಷದವರೆಗೂ ಬಾಳಬಹುದು. ಅದನ್ನು ಓದುವ ಡ್ರೈವ್ ಅಷ್ಟು ಕಾಲ ಸಿಗುವ ಭರವಸೆಯಿಲ್ಲ. ಆಗಾಗ ಕಡತಗಳನ್ನು ಟೇಪಿನಿಂದ ಮರಳಿ ತೆಗೆದು ನೋಡಬೇಕು, ಕಾಲಕಾಲಕ್ಕೆ ಹೊಸ ಟೇಪಿಗೆ ಇಳಿಸಬೇಕು. ತೆರೆದು ಪರೀಕ್ಷಿಸದ ಬ್ಯಾಕಪ್ ಇದ್ದೂ ಇಲ್ಲದಂತೆ.

ಇದಕ್ಕೆ ಬೇಕಾದದ್ದು ಭಾರಿ ಅನುದಾನಕ್ಕಿಂತ ಹೆಚ್ಚಾಗಿ ಶಿಸ್ತು. ಕೇಂದ್ರ ಗಣಿ ಸಚಿವಾಲಯ ಮತ್ತು ಕೋಲಾರ ಜಿಲ್ಲಾಡಳಿತ ಒಟ್ಟಿಗೆ ಕೂತು, ಯಾವ ದಾಖಲೆ ಎಲ್ಲಿದೆ, ಅದರ ಹೊಣೆ ಯಾರದು ಎಂಬುದನ್ನು ಲಿಖಿತವಾಗಿ ನಿಗದಿಪಡಿಸಲಿ.