ಹಿಮ್ಮಡಿಯ ಒಂದು ಹನಿ ರಕ್ತ

ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಯೊಬ್ಬಳಿದ್ದಳು. ಅವಳ ಇಬ್ಬರು ಮಕ್ಕಳೂ ಹುಟ್ಟಿದಾಗ ಲಕ್ಷಣವಾಗಿಯೇ ಇದ್ದರು. ಬೆಳೆಯುತ್ತ ಬುದ್ಧಿ ಮಂದವಾಯಿತು. ಮಗಳಿಗೆ ಆಡಲು ಬರುತ್ತಿದ್ದುದು ಕೆಲವೇ ಮಾತು. ಮಗನಿಗೆ ಮಾತೂ ಇಲ್ಲ, ನಡಿಗೆಯೂ ಇಲ್ಲ. ಮಕ್ಕಳ ಮೂತ್ರಕ್ಕೆ ವಿಚಿತ್ರವಾದ ಮುಗ್ಗಲು ವಾಸನೆಯಿರುವುದನ್ನು ತಾಯಿ ಗಮನಿಸಿದ್ದಳು. ಅನೇಕ ವೈದ್ಯರ ಬಳಿಗೆ ಹೋದಳು. ಯಾರಿಂದಲೂ ಉತ್ತರ ದೊರೆಯಲಿಲ್ಲ.

ಕೊನೆಗೆ 1934ರಲ್ಲಿ ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನು ಅವಳ ಮಾತಿಗೆ ಕಿವಿಗೊಟ್ಟನು. ಆತನು ರಸಾಯನಶಾಸ್ತ್ರವನ್ನೂ ಕಲಿತವನು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬೆರೆಸಿದಾಗ, ಆತನು ಎಂದೂ ಕಾಣದಿದ್ದ ಹಸಿರು ಬಣ್ಣ ಮೂಡಿತು. ಈ ಬಣ್ಣಕ್ಕೆ ಕಾರಣವೇನು? ತಾಯಿ ಮತ್ತೆ ಮತ್ತೆ ಮೂತ್ರವನ್ನು ತಂದುಕೊಟ್ಟಳು. ಫೋಲಿಂಗ್ ವಾರಗಟ್ಟಲೆ ಶೋಧಿಸಿ, ಅದು ಫಿನೈಲ್‌ಪೈರುವಿಕ್ ಆಮ್ಲವೆಂದು ಕಂಡುಕೊಂಡನು. ಆ ಶೋಧದ ಯಶಸ್ಸಿನಲ್ಲಿ ತಾಯಿಗೂ ಸಮಪಾಲು ಸಲ್ಲಬೇಕು.

ಈ ರೋಗಕ್ಕೆ ಇಂದು ಫಿನೈಲ್‌ಕೀಟೋನೂರಿಯ ಎಂದು ಹೆಸರು. ಹಾಲು, ಬೇಳೆ, ಮೊಟ್ಟೆಗಳ ಸಸಾರಜನಕದಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವಿದೆ. ಅದನ್ನು ಮಾರ್ಪಡಿಸುವ ಕಿಣ್ವವೊಂದು ಯಕೃತ್ತಿನಲ್ಲಿರುತ್ತದೆ. ಆ ಕಿಣ್ವದಲ್ಲಿ ದೋಷವಿದ್ದರೆ ಆಮ್ಲವು ರಕ್ತದಲ್ಲಿ ಶೇಖರವಾಗಿ ಎಳೆಯ ಮೆದುಳನ್ನು ಕೆಡಿಸುತ್ತದೆ. ಕೂಸು ಕುಡಿಯುವ ಹಾಲೇ ಅದಕ್ಕೆ ಕೇಡಾಗುತ್ತದೆ! ತಂದೆತಾಯಿಗಳಿಬ್ಬರೂ ಆರೋಗ್ಯವಂತರು, ಆದರೆ ಇಬ್ಬರಲ್ಲಿಯೂ ದೋಷಯುಕ್ತ ವಂಶವಾಹಿಯೊಂದು ಅಡಗಿದ್ದರೆ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಈ ಅಪಾಯವುಂಟು. ಹೀಗಿರುವಾಗ ಪೂರ್ವಜನ್ಮದ ಪಾಪವೆಂದೋ ಸೊಸೆಯ ಕಾಲ್ಗುಣವೆಂದೋ ಹೆತ್ತವಳನ್ನು ಹಳಿಯುವುದು ಬರಿಯ ಅಜ್ಞಾನವಲ್ಲ, ಕ್ರೌರ್ಯವೂ ಹೌದು.

ಕಾರಣ ತಿಳಿದರೂ ಚಿಕಿತ್ಸೆಗೆ ಸುಮಾರು ಎರಡು ದಶಕ ಕಾಯಬೇಕಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮತ್ತೊಬ್ಬ ತಾಯಿ, ತನ್ನ ಎರಡು ವರ್ಷದ ಮಗಳಿಗೆ ಏನಾದರೂ ಮಾಡಲೇಬೇಕೆಂದು ವೈದ್ಯರನ್ನು ಬಿಡದೆ ಕಾಡಿದಳು. ಹೊರ್ಸ್ಟ್ ಬಿಕೆಲ್ ಮತ್ತು ಆತನ ಸಂಗಡಿಗರು ಫಿನೈಲ್‌ಅಲನಿನ್ನನ್ನು ಬೇರ್ಪಡಿಸಿದ ಆಹಾರವನ್ನು ಸಿದ್ಧಪಡಿಸಿದರು. ಮಗು ಚೇತರಿಸಿಕೊಂಡು, ನಿಲ್ಲಲು ಯತ್ನಿಸಿತು. 1953ರಲ್ಲಿ ಈ ವಿಷಯ ಪ್ರಕಟವಾಯಿತು. ಆದರೆ ಮೆದುಳಿಗೆ ಆಗಲೇ ಆಗಿದ್ದ ಹಾನಿಯನ್ನು ಪೂರ್ತಿಯಾಗಿ ಸರಿಪಡಿಸಲಾಗಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ರೋಗವನ್ನು ಗುರುತಿಸಬೇಕಿತ್ತು. ಆ ದಾರಿಯನ್ನು ತೋರಿದವನು ಅಮೆರಿಕದ ರಾಬರ್ಟ್ ಗುಥ್ರಿ. ಕೂಸಿನ ಹಿಮ್ಮಡಿಯನ್ನು ಚುಚ್ಚಿ, ಶೋಧಕ ಕಾಗದದ ಮೇಲೆ ರಕ್ತದ ಹನಿಯನ್ನು ಒಣಗಿಸಿದರೆ ಪರೀಕ್ಷೆಗೆ ಸಾಕು ಎಂದು 1960ರ ದಶಕದ ಆರಂಭದಲ್ಲಿ ಆತನು ತೋರಿಸಿದನು.

ಯೂರೋಪಿನಲ್ಲಿ ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ರೋಗವಿದು. ಆ ಒಂದಕ್ಕಾಗಿ ಉಳಿದವರೆಲ್ಲರ ಹಿಮ್ಮಡಿಯನ್ನು ಚುಚ್ಚಬೇಕೆ ಎಂದು ಕೇಳುವವರುಂಟು. ಕೆಲವು ಅಪರೂಪದ ರೋಗಗಳ ಔಷಧಕ್ಕೆ ಕೋಟಿಗಟ್ಟಲೆ ಹಣ ಬೇಕು. ಅಲ್ಲಿ ಸರ್ಕಾರದ ಇಕ್ಕಟ್ಟು ನಿಜವಾದದ್ದೇ. ಆದರೆ ಈ ಪರೀಕ್ಷೆಯ ವಿಷಯದಲ್ಲಿ ಆ ವಾದ ಸಲ್ಲದು. ಭಾರತದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿಯ ಕೊರತೆಯಿರುತ್ತದೆ. ಅದೂ ಬುದ್ಧಿಯ ಬೆಳವಣಿಗೆಯನ್ನು ತಡೆಯುವಂಥದೇ. ಹಿಮ್ಮಡಿಯ ಅದೇ ರಕ್ತದಿಂದ ಅದನ್ನೂ ಗುರುತಿಸಬಹುದು. ಅದಕ್ಕೆ ಬೇಕಾದ ಮಾತ್ರೆಯೋ ಅಗ್ಗದ್ದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸತಲ್ಲ. 1980ರ ದಶಕದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ರಾಜ್ಯದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಿದ್ದರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಿರುವ ನಾಡಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಒಂದೇ ಮನೆತನದ ಇಬ್ಬರಲ್ಲಿ ಒಂದೇ ದೋಷ ಅಡಗಿರುವ ಸಂಭವ ಅಧಿಕವಷ್ಟೆ. ಭಾರತ ಸರ್ಕಾರವು 2021ರಲ್ಲಿ ಅಪರೂಪದ ರೋಗಗಳಿಗೆ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ವಿಶೇಷ ಆಹಾರದಿಂದ ಹತೋಟಿಗೆ ಬರುವ ರೋಗಗಳ ಸಾಲಿನಲ್ಲಿ ಫಿನೈಲ್‌ಕೀಟೋನೂರಿಯವನ್ನೂ ಅದು ಸೇರಿಸಿದೆ. ಆದರೆ ಭಾರತದಲ್ಲಿ ಹುಟ್ಟುವ ಪ್ರತಿಯೊಂದು ಕೂಸಿಗೂ ಹಿಮ್ಮಡಿಯ ರಕ್ತಪರೀಕ್ಷೆ ಇನ್ನೂ ದೊರೆಯುತ್ತಿಲ್ಲ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಿಂದ ತಾಯಿ ಮನೆಗೆ ಹೊರಡುವ ಮುನ್ನವೇ ಈ ಕೆಲಸ ಮುಗಿಯಬೇಕು. ಮಗು ಮಾತು ಕಲಿಯಲಿಲ್ಲವೆಂದು ಅವಳೇ ಮರಳಿ ಬರುವ ಹೊತ್ತಿಗೆ ಎರಡು ವರ್ಷ ಕಳೆದಿರುತ್ತದೆ.